ನಾಯಿ ಪರಚಿದ ಗಾಯವನ್ನು ಕಡೆಗಣಿಸಬಾರದು



ಈ ಪುಟದಲ್ಲಿ ಕೊಳೆರೋಗ, ಬೋರ್ಡೋ ದ್ರಾವಣ, ಕಾಯಿಕೊರಕಗಳ ಮಾತೇ ಹೆಚ್ಚು. ಈ ಸಲ ನಾಯಿಯ ವಿಷಯ ಎತ್ತಿಕೊಂಡಿದ್ದೇನೆ. ಕಳೆದ ಸುಗ್ಗಿಯಲ್ಲಿ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸೊಬ್ಬಳ ಮುಂಗೈಯನ್ನು, ಎಲ್ಲಿಂದಲೋ ಬಂದು ಸೇರಿಕೊಂಡಿದ್ದ ನಾಯಿಮರಿ ಪರಚಿತು. ರಕ್ತ ಬರಲಿಲ್ಲ. "ಮರಿ ತಾನೆ, ಏನೂ ಆಗುವುದಿಲ್ಲ" ಎಂದವನು ಪದವೀಧರನಾದ ನಾನೇ. ಮೂರನೆಯ ದಿನ ಮರಿ ಸತ್ತಿತು. ಆಮೇಲೆ ಜೀಪು ಆಸ್ಪತ್ರೆಗೆ ಹೊರಟಿತು. ಆಕೆ ಲಸಿಕೆ ಪೂರೈಸಿ ಕ್ಷೇಮವಾಗಿದ್ದಾಳೆ. ಮರಿಗೆ ಯಾವ ರೋಗವಿತ್ತೋ ತಿಳಿಯಲಿಲ್ಲ. ಆ ಮೂರು ದಿನದ ತಡ ಮಾತ್ರ ನನ್ನ ತಪ್ಪು.

ರೇಬೀಸಿನ ವಿಷಯದಲ್ಲಿ ಗಾಯದ ಗಾತ್ರಕ್ಕಿಂತ ಚರ್ಮ ಒಡೆದಿದೆಯೇ, ಜೊಲ್ಲು ತಾಗಿದೆಯೇ ಎಂಬುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 3 ದರ್ಜೆಯಾಗಿ ವಿಂಗಡಿಸಿದೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬಾರದ ಗೀರು, ಬರಿ ಮೈಗೆ ಹಲ್ಲು ತಾಗಿದ ಗುರುತು ಇದ್ದರೆ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದರೆ, ಅಥವಾ ಹಳೆಯ ಗಾಯ, ಕಣ್ಣು, ಬಾಯಿಗೆ ಜೊಲ್ಲು ತಾಗಿದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕು. ಅಡಿಕೆ ಸುಲಿಯುವವರ ಬೆರಳು ಕತ್ತಿ ತಾಗಿ ಗಾಯವಾಗಿರುವುದು ನಮಗೆಲ್ಲ ಗೊತ್ತು. ಆ ಬೆರಳನ್ನು ನಾಯಿ ನೆಕ್ಕಿದರೆ ಅದು ಈ ಮೂರನೆಯ ದರ್ಜೆಗೇ ಸೇರುತ್ತದೆ.

ಮೊದಲ ಕೆಲಸ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಸುಣ್ಣ, ಮೆಣಸಿನ ಪುಡಿ, ಎಣ್ಣೆ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದಿನ ಕಳೆದಿದ್ದರೂ ಹೋಗಲೇಬೇಕು. ರೋಗ ತಲೆಯೆತ್ತಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಲಕ್ಷಣ ಕಂಡ ಮೇಲೆ ಬದುಕಿಸುವ ಮದ್ದಿಲ್ಲ.

"ನಾಯಿಯನ್ನು 10 ದಿನ ಕಟ್ಟಿ ನೋಡೋಣ" ಎಂಬ ಮಾತನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಮೊದಲು ಲಸಿಕೆ, ಜೊತೆಜೊತೆಗೆ ನಾಯಿಯ ಮೇಲೆ ಕಣ್ಣು. 10 ದಿನವೂ ನಾಯಿ ಆರೋಗ್ಯವಾಗಿದ್ದರೆ ಮುಂದಿನ ಸೂಜಿ ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಹೊಕ್ಕುಳ ಸುತ್ತ 14 ಸೂಜಿ ಎಂಬ ಭಯ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ 2005ರ ಹೊತ್ತಿಗೇ ದೇಶದಲ್ಲಿ ನಿಂತಿತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ.

ಈ ನಾಲ್ಕು ದಿನಗಳೇ ಕೂಲಿಯವರಿಗೆ ಕಷ್ಟ. ಕೊಯ್ಲಿನ ನಡುವೆ ಕೂಲಿ ಬಿಟ್ಟು, ಬಸ್ಸಿಗೆ ಕಾದು ಪೇಟೆಗೆ ಹೋಗುವುದೆಂದರೆ ಮೂರನೆಯ ಸೂಜಿಗೇ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ತೋಟದಲ್ಲಿ ನಾಯಿ ಕಚ್ಚಿದವರಿಗೆ ಆ ದಿನಗಳ ಕೂಲಿ ಮತ್ತು ಬಸ್ ಖರ್ಚು ತೋಟದವನದೇ. ತೋಟ ಕಾಯಲು ನಾಯಿ ಸಾಕುವವರು ನಾವು, ಅದಕ್ಕೆ ವರ್ಷವರ್ಷ ಲಸಿಕೆ ಹಾಕಿಸಬೇಕಾದವರೂ ನಾವೇ.

ಸುಗ್ಗಿಗೆ ಮುಂಚೆ ಸಂಘದ ಅಂಗಳದಲ್ಲಿ ನಾಯಿಗಳಿಗೆ ಲಸಿಕೆ ಹಾಕಿಸಲು ಪಶುವೈದ್ಯರನ್ನು ಕೇಳಿಕೊಳ್ಳೋಣ ಎಂಬ ಸೂಚನೆಯನ್ನು ಬರುವ ಮಹಾಸಭೆಯ ಮುಂದಿಡುತ್ತೇನೆ. ಸದಸ್ಯರು ಬೆಂಬಲಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ