ಒಪ್ಪಿಗೆ ಕೇಳುವ ಮೃಗ

ಮಾಂತ್ರಿಕ ಲೋಕವೊಂದನ್ನು ಕಟ್ಟಿ ಅದರೊಳಗೆ ಪ್ರೇಮಕಥೆಯನ್ನೇ ಮುಖ್ಯ ಎಳೆಯಾಗಿ ನಡೆಸುವ ಫ್ಯಾಂಟಸಿ ರೊಮ್ಯಾನ್ಸ್ ಎಂಬ ಕಾದಂಬರಿ ಪ್ರಕಾರದಲ್ಲಿ, ನಾಯಕನು ಮನುಷ್ಯನೇ ಅಲ್ಲದ, ಕಂಡರೆ ಭಯವಾಗುವ ರೂಪದವನಾಗಿರುವ ಕವಲೊಂದು ಕಳೆದ ದಶಕದಲ್ಲಿ ಹುಲುಸಾಗಿ ಬೆಳೆದಿದೆ. ಅಮೆರಿಕದ ಲೇಖಕಿ ರೂಬಿ ಡಿಕ್ಸನ್ 2015ರಲ್ಲಿ ಸ್ವತಃ ಪ್ರಕಟಿಸಿದ, ಕೊಂಬುಳ್ಳ ನೀಲಿ ಮೈಯ ಅನ್ಯಗ್ರಹವಾಸಿಗಳನ್ನು ನಾಯಕರನ್ನಾಗಿಸಿದ ‘ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್’ ಕೃತಿಯನ್ನು 2021ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಮರುಪ್ರಕಟಿಸಿತು, ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಕೂಡ 2015ರದ್ದೇ. ಇಂಥ ಪುಸ್ತಕಗಳನ್ನು ಓದಿ ಸಂತೋಷಪಡುವವರು ಆ ಸಂತೋಷವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಹಿಂಜರಿಯುವುದುಂಟು, ಓದದವರು ಅದನ್ನು ವಿಕೃತಿಯೆಂದೋ ಬಾಲಿಶವೆಂದೋ ತಳ್ಳಿಹಾಕುವುದೂ ಉಂಟು. ಆದರೆ ಈ ಕಥೆಗಳು ಕೊಡುವ ಸುಖದ ಬೇರು ನಾಯಕನ ಕೊಂಬು ಕೋರೆಗಳಲ್ಲಾಗಲಿ, ಕೊನೆಗೆ ಅವನು ರಾಜಕುಮಾರನಾಗುವುದರಲ್ಲಾಗಲಿ ಇರುವಂತೆ ಕಾಣುವುದಿಲ್ಲ. ಬೇಕಾದುದನ್ನು ಕಿತ್ತುಕೊಳ್ಳುವ ಬಲವುಳ್ಳವನು ಕಿತ್ತುಕೊಳ್ಳದೆ, ಎದುರಿಗಿರುವವಳ ಒಪ್ಪಿಗೆಯನ್ನು ಕೇಳಿ, ಬೇಡವೆಂಬ ಉತ್ತರ ಬಂದಾಗ ಅದನ್ನು ಮನ್ನಿಸಿ ಎದ್ದು ಹೋಗುತ್ತಾನೆ ಎಂಬುದರಲ್ಲಿ ಅದು ಇದೆ.

ಹೆಣ್ಣೊಬ್ಬಳು ಪ್ರಾಣಿಯನ್ನೋ ಪ್ರಾಣಿಯ ರೂಪದಲ್ಲಿರುವವನನ್ನೋ ವರಿಸುವ ಕಥೆಗಳಿಗೆ ಜಾನಪದ ಅಧ್ಯಯನದಲ್ಲಿ ಪ್ರತ್ಯೇಕ ಸ್ಥಾನವಿದೆ. ಆರ್ನೆ, ಥಾಂಪ್ಸನ್ ಮತ್ತು ಉಥರ್ ಎಂಬ ಮೂವರು ವಿದ್ವಾಂಸರು ಒಬ್ಬರ ನಂತರ ಒಬ್ಬರು ಬೆಳೆಸಿದ ಅಂತರರಾಷ್ಟ್ರೀಯ ಕಥಾಸೂಚಿಯಲ್ಲಿ, ಎಂದರೆ ಬೇರೆ ಬೇರೆ ನಾಡುಗಳ ಕಥೆಗಳನ್ನು ಅವುಗಳ ಹಂದರದ ಹೋಲಿಕೆಯಿಂದ ಗುಂಪುಗೂಡಿಸಿದ ಪಟ್ಟಿಯಲ್ಲಿ, ಇವು 425ನೆಯ ವರ್ಗಕ್ಕೆ ಸೇರುತ್ತವೆ. ಈ ವರ್ಗದ ಪ್ರಸಿದ್ಧ ಲಿಖಿತ ರೂಪಗಳಲ್ಲಿ ಬಹಳ ಹಳೆಯದು ಕ್ರಿಸ್ತಶಕ 2ನೆಯ ಶತಮಾನದ ಲ್ಯಾಟಿನ್ ಲೇಖಕ ಅಪುಲಿಯಸ್ ತನ್ನ ‘ದಿ ಗೋಲ್ಡನ್ ಆ್ಯಸ್’ ಕೃತಿಯಲ್ಲಿ ಹೇಳಿರುವ ಕ್ಯೂಪಿಡ್ ಮತ್ತು ಸೈಕಿಯ ಕಥೆ. ಅಲ್ಲಿ ಗಂಡ ಬರುವುದು ಕತ್ತಲಲ್ಲಿ ಮಾತ್ರ, ಅವನ ಮುಖವನ್ನು ನೋಡಕೂಡದೆಂಬುದು ಕಟ್ಟಳೆ. ಅವನೊಂದು ಘೋರ ಸರ್ಪವೆಂದು ಅಕ್ಕಂದಿರು ಹೆದರಿಸಿದಾಗ ಸೈಕಿ ದೀಪ ಹಿಡಿದು ನೋಡುತ್ತಾಳೆ, ಮಲಗಿದ್ದವನು ಸರ್ಪವಲ್ಲ, ಪ್ರೇಮದೇವತೆಯೇ ಎಂದು ತಿಳಿಯುವಷ್ಟರಲ್ಲಿ ಬಿಸಿ ಎಣ್ಣೆಯ ಹನಿ ಅವನ ಮೇಲೆ ಬೀಳುತ್ತದೆ, ಅವನು ಹೊರಟುಹೋಗುತ್ತಾನೆ. ನೋಡುವ ಹಕ್ಕೇ ಇಲ್ಲದ ದಾಂಪತ್ಯದಲ್ಲಿ ಒಪ್ಪುವ, ಒಪ್ಪದಿರುವ ಮಾತು ಏಳುವುದೇ ಇಲ್ಲ.

ಈ ಹಂದರವನ್ನು ತಿರುವಿ ಹಾಕಿದವರು ಫ್ರಾನ್ಸಿನ ಗೇಬ್ರಿಯಲ್ ಸುಝಾನ್ ದ ವಿಲ್‌ನೂವ್. 1740ರಲ್ಲಿ ಅಚ್ಚಾದ ಅವರ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಇಂದು ಮಕ್ಕಳ ಪುಸ್ತಕಗಳಲ್ಲಿ ಕಾಣುವ ನಾಲ್ಕು ಪುಟಗಳ ಕಥೆಯಲ್ಲ, ವಯಸ್ಕರಿಗಾಗಿ ಬರೆದ, ಕಾದಂಬರಿಯಷ್ಟು ಉದ್ದದ ಕೃತಿ. ಅಲ್ಲಿನ ಮೃಗಕ್ಕೆ ಆನೆಯದರಂಥ ಸೊಂಡಿಲಿದೆ, ನಡೆದರೆ ಮೈಮೇಲಿನ ಹುರುಪೆಗಳು ಸದ್ದು ಮಾಡುತ್ತವೆ. ಶಾಪಕೊಟ್ಟ ಯಕ್ಷಿಣಿ ಅವನ ರೂಪವನ್ನು ಕೆಡಿಸಿದ್ದಲ್ಲದೆ ಬುದ್ಧಿವಂತಿಕೆಯ ಮಾತಾಡಿ ಮನಗೆಲ್ಲುವ ಅವಕಾಶವನ್ನೂ ಕಸಿದುಕೊಂಡಿದ್ದಾಳೆ. ಹೀಗೆ ರೂಪವೂ ಇಲ್ಲದೆ, ಮಾತಿನ ಚಾತುರ್ಯವೂ ಇಲ್ಲದೆ, ಅವನು ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿಯೇ ಅವಳೆದುರು ಬಂದು ತನ್ನೊಡನೆ ಮಲಗುವೆಯಾ ಎಂದು ನೇರವಾಗಿ ಕೇಳುತ್ತಾನೆ, ಅವಳು ಬೇಡವೆನ್ನುತ್ತಾಳೆ, ಅವನು ಹೋಗುತ್ತಾನೆ. ಸೈಕಿಗೆ ಕತ್ತಲು ವಿಧಿಸಿದ್ದ ಕಥೆ ಇಲ್ಲಿ ದೀಪ ಹಚ್ಚಿ ಉತ್ತರವನ್ನು ಕಾಯುತ್ತದೆ, ಮತ್ತು ಆ ಉತ್ತರ ಪ್ರತಿ ರಾತ್ರಿಯೂ ಹೊಸದಾಗಿ ಬರಬೇಕಾಗುತ್ತದೆ.

ವಿಲ್‌ನೂವ್ ಬದುಕಿದ್ದ ಕಾಲದ ಫ್ರೆಂಚ್ ಮೇಲ್ವರ್ಗದಲ್ಲಿ ಮದುವೆಯೆಂಬುದು ಮನೆತನಗಳ ನಡುವಿನ ಆಸ್ತಿಯ ಒಡಂಬಡಿಕೆಯಾಗಿತ್ತು, ಹುಡುಗಿಯ ಇಷ್ಟಾನಿಷ್ಟಕ್ಕೆ ಅದರಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ. ಅವರ ಸ್ವಂತ ಗಂಡ ಸಂಪತ್ತನ್ನು ಹಾಳುಮಾಡಿದ್ದರಿಂದ ಅವರು ಆಸ್ತಿಯನ್ನು ಕಾನೂನಿನ ಮೂಲಕ ಬೇರ್ಪಡಿಸಿಕೊಳ್ಳಬೇಕಾಯಿತು, ಮುಂದೆ ನಾಟಕಕಾರ ಕ್ರೆಬಿಯೋನರ ಮನೆಯಲ್ಲಿ ನೆಲೆಸಿ ಬರವಣಿಗೆಯನ್ನು ನೆಚ್ಚಿಕೊಂಡರು. ಅಂಥವರ ಲೇಖನಿಯಿಂದ ಬಂದ ಮೃಗವು ಆ ಕಾಲದ ಮನುಷ್ಯ ಗಂಡಂದಿರಲ್ಲಿ ಅಪರೂಪವಾಗಿದ್ದ ಸಭ್ಯತೆಯನ್ನು ತೋರಿಸುವುದು ಆಕಸ್ಮಿಕವಿರಲಾರದು. 1756ರಲ್ಲಿ ಈ ಕಥೆಯನ್ನು ಚಿಕ್ಕದಾಗಿಸಿ ಲಂಡನ್ನಿನಲ್ಲಿ ಪ್ರಕಟಿಸಿದವರು, ಅಲ್ಲಿ ಸಿರಿವಂತರ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಜಾನ್ ಮರಿ ಲಪ್ರಾನ್ಸ್ ದ ಬೋಮೋ. ಎಳೆಯ ವಿದ್ಯಾರ್ಥಿನಿಯರಿಗೆ ತಕ್ಕಂತೆ ಅವರು ಮಲಗುವ ಪ್ರಶ್ನೆಯನ್ನು ಮದುವೆಯ ಪ್ರಶ್ನೆಯಾಗಿ ಮಾರ್ಪಡಿಸಿದರು, ರೂಪಕ್ಕಿಂತ ಗುಣ ಮುಖ್ಯವೆಂಬ ಬುದ್ಧಿವಾದವನ್ನು ಸೇರಿಸಿದರು. ಹಿರಿಯರು ಗೊತ್ತುಮಾಡಿದ ಒಲ್ಲದ ವರನಿಗೆ ಹುಡುಗಿಯರ ಮನಸ್ಸನ್ನು ಹದಗೊಳಿಸುವ ಉಪಾಯವಾಗಿ ಈ ಆವೃತ್ತಿಯನ್ನು ಓದಿದ ವಿಮರ್ಶಕರಿದ್ದಾರೆ, ಆ ಓದು ತಪ್ಪೆನ್ನಲಾಗದು. ಆದರೂ ಉಪದೇಶದ ಅಡಿಯಲ್ಲಿ ಮೂಲದ ಪ್ರಶ್ನೆ ಉಳಿದುಕೊಂಡಿತು, ಓದುಗರು ನೆನಪಿನಲ್ಲಿಟ್ಟುಕೊಂಡದ್ದು ಅದನ್ನೇ ಹೊರತು ಬುದ್ಧಿವಾದವನ್ನಲ್ಲ.

ಹಾಗಿರುವಾಗ ಕೊನೆಯ ರೂಪಾಂತರ ಬಹುಮಂದಿಗೆ ಸಪ್ಪೆಯೆನಿಸುವುದು ಸಹಜವೇ ಸರಿ, ಏಕೆಂದರೆ ಪುಟಗಟ್ಟಲೆ ಪರಿಚಯ ಬೆಳೆದದ್ದು ಮೃಗದೊಡನೆ, ಕೈಗೆ ಸಿಕ್ಕಿದ್ದು ಗುರುತಿಲ್ಲದ ಚೆಲುವನೊಬ್ಬ. ಫ್ರೆಂಚ್ ನಿರ್ದೇಶಕ ಜಾನ್ ಕಾಕ್ಟೋ ಅವರ 1946ರ ಚಲನಚಿತ್ರದಲ್ಲಿ ಬೇಟೆಯಾಡಿ ಬಂದ ಮೃಗದ ಕೈಗಳಿಂದ ಹೊಗೆಯೇಳುವುದು, ನಾಯಕಿಯ ಬೊಗಸೆಯಿಂದ ಅದು ನೀರು ಕುಡಿಯುವುದು ಮನಸ್ಸಿನಲ್ಲಿ ಉಳಿದಂತೆ ಕೊನೆಯ ರಾಜಕುಮಾರ ಉಳಿಯುವುದಿಲ್ಲ. ಈ ಅತೃಪ್ತಿಯನ್ನೇ ಬಂಡವಾಳವಾಗಿಸಿಕೊಂಡು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಳ್ಳೆಯ ಬರವಣಿಗೆ ಹುಟ್ಟಿತು. ಬ್ರಿಟನ್ನಿನ ಏಂಜೆಲಾ ಕಾರ್ಟರ್ 1979ರ ‘ದಿ ಬ್ಲಡಿ ಚೇಂಬರ್’ ಸಂಕಲನದಲ್ಲಿನ ‘ದಿ ಟೈಗರ್ಸ್ ಬ್ರೈಡ್’ ಕಥೆಯಲ್ಲಿ ಹುಲಿಯನ್ನು ಮನುಷ್ಯನಾಗಿಸುವ ಬದಲು ಹುಡುಗಿಯನ್ನೇ ಹುಲಿಯಾಗಿಸಿದರು. ಕಲೆಯ ದೃಷ್ಟಿಯಿಂದ ಈ ಸಾಲಿನಲ್ಲಿ ಅದಕ್ಕೆ ಎಣೆಯಿಲ್ಲವಾದರೂ ಅದು ಬೆಚ್ಚಿಬೀಳಿಸುವ ಕಥೆ, ಅದರೊಳಗೆ ನೆಮ್ಮದಿಯಿಂದ ತಂಗುವಂತಿಲ್ಲ.

ತಂಗಲು ಬರುವಂಥ ಕಾದಂಬರಿಗಳನ್ನು ಕೊಟ್ಟವರು ಅಮೆರಿಕದ ರಾಬಿನ್ ಮೆಕಿನ್ಲಿ, ಅದೂ ಒಂದೇ ಕಥೆಯನ್ನು ಎರಡು ಸಲ ಬರೆದು. 1978ರ ‘ಬ್ಯೂಟಿ’ಯಲ್ಲಿ ನಾಯಕಿಯ ನಿಜವಾದ ಹೆಸರು ಆನರ್; ಬ್ಯೂಟಿಯೆಂಬುದು ಚಿಕ್ಕಂದಿನಲ್ಲಿ ಅಂಟಿಕೊಂಡ ಅಡ್ಡಹೆಸರು, ಅದಕ್ಕೆ ತಕ್ಕ ಚೆಲುವು ತನಗಿಲ್ಲವೆಂಬುದು ಅವಳ ಅಳಲು. ಹಳೆಯ ಕಥೆಯ ಹೊಟ್ಟೆಕಿಚ್ಚಿನ ಅಕ್ಕಂದಿರು ಇಲ್ಲಿ ಪ್ರೀತಿಯುಳ್ಳವರು, ಅವಳಿಗೆ ಗ್ರೇಟ್‌ಹಾರ್ಟ್ ಎಂಬ ದೊಡ್ಡ ಕುದುರೆಯ ಮೇಲೂ ಪುಸ್ತಕಗಳ ಮೇಲೂ ಮಮತೆ, ಮೃಗದ ಅರಮನೆಯ ಗ್ರಂಥಾಲಯದಲ್ಲಿಯೋ ಇನ್ನೂ ಬರೆದಿರದ, ಮುಂದಿನ ಶತಮಾನಗಳಲ್ಲಿ ಹುಟ್ಟಬೇಕಾದ ಪುಸ್ತಕಗಳೂ ಇವೆ. ಊಟದ ಮೇಜಿನ ಬಳಿ ಕುಳಿತೂ ಚಾಕು ಚಮಚ ಹಿಡಿಯಲಾರದೆ ಊಟಕ್ಕೆ ಜೊತೆಯಾಗದ ಆ ಮೃಗದೊಡನೆ ಅವಳ ಸ್ನೇಹ ಬೆಳೆಯುವುದು ಓದಿನ ಮೂಲಕ. ಪ್ರೇಮಕ್ಕೆ ಮೊದಲು ಹರಟೆ, ಹರಟೆಗೆ ಮೊದಲು ಒಂದೇ ಕೋಣೆಯಲ್ಲಿ ಭಯವಿಲ್ಲದೆ ಕೂರುವ ಅಭ್ಯಾಸ ಎಂಬ ನಿಧಾನದ ನಡೆ ಈ ಕಾದಂಬರಿಯ ಸೊಗಸು. ಕೊನೆ ಮಾತ್ರ ಹಳೆಯ ಜಾಡಿನದೇ, ಮೃಗ ಮನುಷ್ಯನಾಗುತ್ತದೆ. 1997ರಲ್ಲಿ ಅವರು ‘ರೋಸ್ ಡಾಟರ್’ ಬರೆದಾಗ ನಾಯಕಿ ಓದುಗಿತಿಯಲ್ಲ, ತೋಟಗಾತಿ. ಅರಮನೆಯ ಗಾಜಿನ ಮನೆಯಲ್ಲಿ ಸಾಯುತ್ತಿರುವ ಗುಲಾಬಿ ಗಿಡಗಳನ್ನು ಬದುಕಿಸುವುದು ಅವಳ ದಿನದ ಕೆಲಸ. ಕೊನೆಗೆ ಅವಳ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ: ಸಿರಿ, ಅಧಿಕಾರ ಮತ್ತು ಚೆಲುವನಾದ ಗಂಡ ಒಂದು ಕಡೆ, ಹಳ್ಳಿಯ ಪುಟ್ಟ ಮನೆ ಮತ್ತು ಇದ್ದಂತೆಯೇ ಇರುವ ಮೃಗ ಇನ್ನೊಂದು ಕಡೆ. ಅವಳು ಎರಡನೆಯದನ್ನು ಆರಿಸಿಕೊಳ್ಳುತ್ತಾಳೆ. ಮೊದಲ ಕಾದಂಬರಿಯಲ್ಲಿ ಒಪ್ಪಿಗೆಗೆ ಬಹುಮಾನವಾಗಿ ರೂಪ ದೊರೆತರೆ ಎರಡನೆಯದರಲ್ಲಿ ಬಹುಮಾನವನ್ನೇ ಬೇಡವೆನ್ನುವ ಮೂಲಕ ಒಪ್ಪಿಗೆಯು ಪೂರ್ತಿಯಾಗುತ್ತದೆ.

ಈ ಪ್ರಕಾರದ ಮೇಲಿರುವ ಆಕ್ಷೇಪಗಳಲ್ಲಿ ಹುರುಳಿದೆ. ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ನ ನಾಯಕಿಯಂತೆ ತಂದೆಯ ತಪ್ಪಿಗೆ ಒತ್ತೆಯಾಗಿ ಬಂದವಳು ಪ್ರತಿ ರಾತ್ರಿ ಬೇಡವೆನ್ನಬಲ್ಲಳಾದರೂ ಬಾಗಿಲು ದಾಟಿ ಹೋಗಬಲ್ಲಳೇ ಎಂಬುದು ಅವುಗಳಲ್ಲಿ ಮುಖ್ಯವಾದುದು. ಬೋಮೋ ಅವರ ಕಥೆಯಲ್ಲಿ ಮೃಗವು ಅವಳನ್ನು ತವರಿಗೆ ಕಳಿಸುತ್ತದೆ, ಅವಳು ಮರಳಿ ಬಂದ ಮೇಲಷ್ಟೇ ಒಪ್ಪಿಗೆಗೆ ಅರ್ಥ ಬರುತ್ತದೆ. ಈ ಬಿಡುಗಡೆಯ ಪ್ರಸಂಗವನ್ನು ಕೈಬಿಟ್ಟು ಸೆರೆಯನ್ನಷ್ಟೇ ಉಳಿಸಿಕೊಂಡ ಇಂದಿನ ಕಾದಂಬರಿಗಳು ಕಥೆಯ ಬೆನ್ನುಮೂಳೆಯನ್ನೇ ಮುರಿದಿವೆ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಬೇರೆಯಾಗಿ ಕಾಣುವ ದೇಹವನ್ನು ಶಾಪವೆಂದು ತೋರಿಸಿ, ಪ್ರೀತಿ ಸಿಕ್ಕೊಡನೆ ಅದನ್ನು ಗುಣಪಡಿಸುವ ಕಥೆಯು ಅಂಥ ದೇಹದಲ್ಲಿಯೇ ಬಾಳಬೇಕಾದವರಿಗೆ ಏನು ಹೇಳಿದಂತಾಯಿತು? ಟೆನೆರಿಫ್ ದ್ವೀಪದ ಪೆಟ್ರಸ್ ಗೊನ್ಸಾಲ್ವಸ್ ಎಂಬಾತನನ್ನು ಮುಖ ಮೈಯೆಲ್ಲ ಕೂದಲು ಬೆಳೆಯುವ ಅಪರೂಪದ ಸ್ಥಿತಿಯ ಕಾರಣ 16ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಯ ಆಸ್ಥಾನದಲ್ಲಿ ಕೌತುಕದ ವಸ್ತುವಿನಂತೆ ಇರಿಸಿಕೊಂಡಿದ್ದರು. ವಿಲ್‌ನೂವ್ ಕಥೆಗೆ ಅವನೇ ಮೂಲವೆಂಬ ಜನಪ್ರಿಯ ಮಾತಿಗೆ ಆಧಾರ ಸಾಲದಾದರೂ, ಅವನಿಗೆ ಮದುವೆಯಾಯಿತು, ಮಕ್ಕಳಾದವು, ರೂಪಾಂತರವೇನೂ ಆಗಲಿಲ್ಲ ಎಂಬುದನ್ನು ನೆನೆದರೆ ‘ರೋಸ್ ಡಾಟರ್’ನ ಮುಕ್ತಾಯಕ್ಕೆ ಇನ್ನಷ್ಟು ತೂಕ ಬರುತ್ತದೆ.

ಕನ್ನಡದಲ್ಲಿ ವಿಕಾರ ರೂಪದವನತ್ತ ಹುಟ್ಟುವ ಆಕರ್ಷಣೆಯನ್ನು ಬಹಳ ಹಿಂದೆಯೇ ಕಂಡವನು ಕವಿ ಜನ್ನ. 13ನೆಯ ಶತಮಾನದ ಆರಂಭದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯು ರಾತ್ರಿ ಕೇಳಿಬಂದ ಹಾಡಿಗೆ ಸೋತು, ಹಾಡಿದ ಮಾವುತನು ವಿಕಾರರೂಪಿಯೆಂದು ದೂತಿ ಬಂದು ತಿಳಿಸಿದ ಮೇಲೂ ಹಿಂಜರಿಯುವುದಿಲ್ಲ. ಆದರೆ ಜೈನ ಧರ್ಮದ ಕರ್ಮವಿಚಾರದ ಚೌಕಟ್ಟಿನೊಳಗೆ ನಡೆಯುವ ಆ ಕಾವ್ಯ ಅವಳ ಒಲವನ್ನು ಪತನವೆಂದೇ ಕಾಣುತ್ತದೆ. ಅಲ್ಲಿ ಮಾವುತನು ಮನುಷ್ಯನೇ, ಅವನನ್ನು ಹೇಸಿಗೆಯ ಪ್ರಾಣಿಯಂತೆ ಕಾಣುವುದು ಅರಮನೆಯ ಕಣ್ಣು. 425ನೆಯ ವರ್ಗಕ್ಕೆ ಹತ್ತಿರ ನಿಲ್ಲುವ ಕನ್ನಡ ಕೃತಿಯೆಂದರೆ ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ರಚಿಸಿದ ‘ನಾಗಮಂಡಲ’. ಹಗಲು ಬಂದು ಉಂಡು ಬಾಗಿಲಿಗೆ ಬೀಗ ಹಾಕಿ ಹೋಗುವ ಗಂಡ ಅಪ್ಪಣ್ಣನಿಗಿಂತ ರಾತ್ರಿ ಅವನದೇ ರೂಪ ತೊಟ್ಟು ಬರುವ ನಾಗ ಸಾವಿರ ಪಾಲು ಮೇಲು ಎಂಬುದನ್ನು ಪ್ರೇಕ್ಷಕರು ಕ್ಷಣಮಾತ್ರದಲ್ಲಿ ಒಪ್ಪುತ್ತಾರೆ. ಆದರೆ ನಾಗನು ಗಂಡನ ಮುಖವಾಡದಲ್ಲಿ ಬರುತ್ತಾನೆ, ಪ್ರಶ್ನೆ ಕೇಳಬೇಡವೆಂದು ನಾಟಕದ ನಾಯಕಿ ರಾಣಿಗೆ ಹೇಳುತ್ತಾನೆ. ಸೈಕಿಗಿದ್ದ ಕತ್ತಲೆಯೇ ಇಲ್ಲಿ ಬೇರೆ ವೇಷದಲ್ಲಿದೆ: ಪ್ರೀತಿ ಉಂಟು, ಒಪ್ಪಿಗೆ ಕೇಳುವ ಮಾತಿಲ್ಲ. ಕಾರ್ನಾಡರು ಈ ಕೊರತೆಯನ್ನು ಮುಚ್ಚಲಿಲ್ಲ, ನಾಟಕದ ಇರಿತ ಇರುವುದು ಅಲ್ಲಿಯೇ.

ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್ವೆ 1984ರ ‘ರೀಡಿಂಗ್ ದಿ ರೊಮ್ಯಾನ್ಸ್’ ಗ್ರಂಥಕ್ಕಾಗಿ ಪ್ರೇಮಕಾದಂಬರಿಗಳ ಓದುಗಿತಿಯರನ್ನು ಮಾತಾಡಿಸಿದಾಗ, ಮನೆಯವರೆಲ್ಲರ ಬೇಕುಬೇಡಗಳನ್ನು ನೋಡಿಕೊಳ್ಳುವವರಿಗೆ ಪುಸ್ತಕ ಹಿಡಿದು ಕೂರುವುದೇ ತಮಗಾಗಿ ಒಂದಿಷ್ಟು ಹೊತ್ತನ್ನು ಕಾಯ್ದಿರಿಸಿಕೊಳ್ಳುವ ಬಗೆಯೆಂದು ಕಂಡುಬಂತು. ತನ್ನ ಇಷ್ಟವೇನೆಂದು ಯಾರೂ ಕೇಳದ ಮನೆಯಲ್ಲಿ ಕೂತು, ಭಯಂಕರನೊಬ್ಬನು ದಿನವೂ ಅದನ್ನೇ ಕೇಳುವ ಕಥೆಯನ್ನು ಓದುವ ಸುಖವನ್ನು ವಿಕೃತಿಯೆನ್ನುವವರು ಆ ಮನೆಯನ್ನು ಒಮ್ಮೆ ನೋಡಬೇಕು. ಹಾಗೆಂದು ಈ ಪ್ರಕಾರದ ಎಲ್ಲ ಪುಸ್ತಕಗಳೂ ಓದಿಗೆ ಯೋಗ್ಯವಲ್ಲ. ಹೆಚ್ಚಿನವುಗಳಲ್ಲಿ ಕೊಂಬು ಕೇವಲ ಅಲಂಕಾರ, ಅದನ್ನು ತೆಗೆದರೆ ಒಳಗಿರುವವನು ಹಳೆಯ ಪ್ರೇಮಕಾದಂಬರಿಯ ಸಿರಿವಂತ, ಸಿಡುಕ ನಾಯಕನೇ. ಮೃಗದ ದೇಹ ನಿಜವಾದ ಅಡ್ಡಿಯಾಗಿರುವ, ಅದು ಉಣ್ಣುವುದು ಹೇಗೆ, ಕೂರುವುದು ಹೇಗೆ, ಯಾವುದಕ್ಕೆ ನಾಚುತ್ತದೆ ಎಂಬುದನ್ನು ಲೇಖಕರು ಯೋಚಿಸಿ ಬರೆದಿರುವ ಕೃತಿಗಳು ಕೆಲವೇ ಇವೆ. ಹೊಸದಾಗಿ ಓದಹೊರಟವರು ಮೆಕಿನ್ಲಿಯವರ ಎರಡು ಕಾದಂಬರಿಗಳನ್ನು ಬರೆದ ಕ್ರಮದಲ್ಲಿಯೇ ಓದುವುದು ಮೇಲು. ‘ರೋಸ್ ಡಾಟರ್’ನ ಗತಿ ನಿಧಾನ, ನಡುವೆ ಕನಸುಗಳೂ ಗಿಡಗಳ ವಿವರಗಳೂ ತುಸು ಹೆಚ್ಚೇ ಇವೆ, ಅದರ ನಾಯಕಿ ಬೇಡವೆಂದದ್ದು ಏನನ್ನು ಎಂಬುದು ‘ಬ್ಯೂಟಿ’ಯ ಕೊನೆಯ ಅಧ್ಯಾಯವನ್ನು ಓದಿದ್ದವರಿಗೇ ಪೂರ್ತಿ ತಿಳಿಯುತ್ತದೆ.