ರಾಜ್ಯಶಾಸ್ತ್ರ ವಿಭಾಗದ ಸಾಧನೆ ಎಂದರೆ ಯಾವುದು?

ವಿಶ್ವವಿದ್ಯಾನಿಲಯಗಳಿಂದ ಪತ್ರಿಕಾ ಕಚೇರಿಗೆ ಬರುವ ಸುದ್ದಿಗೆ ಒಂದು ಸಿದ್ಧ ಅಚ್ಚು ಇದೆ. ರಾಜ್ಯಶಾಸ್ತ್ರ ವಿಭಾಗದ ಇಂಥವರಿಗೆ ಪಿಎಚ್.ಡಿ. ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಚಾಲನೆ. ಇಷ್ಟು ವಿದ್ಯಾರ್ಥಿಗಳು ನೆಟ್, ಕೆ-ಸೆಟ್ ತೇರ್ಗಡೆ. ಸಂವಿಧಾನ ದಿನಾಚರಣೆಯಲ್ಲಿ ಪ್ರಸ್ತಾವನೆ ಓದು. ಜೊತೆಗೊಂದು ಫೋಟೊ: ವೇದಿಕೆ, ದೀಪ, ಶಾಲು, ಹಾರ. ಜಿಲ್ಲಾ ಪುಟದಲ್ಲಿ ಸಿಂಗಲ್ ಕಾಲಂ ಬಂದರೆ ವಿಭಾಗದವರಿಗೂ ಸಮಾಧಾನ, ಪುಟ ತುಂಬಿತೆಂದು ಉಪಸಂಪಾದಕರಿಗೂ ಸಮಾಧಾನ.

ಈ ಸುದ್ದಿಗಳನ್ನು ನಾವು ಹಗುರವಾಗಿ ನೋಡುತ್ತಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ, ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿದ ಹುಡುಗಿಗೆ ಜೆಆರ್‌ಎಫ್ ಸಿಕ್ಕಿತೆಂದರೆ ತಿಂಗಳಿಗೆ 37,000 ರೂಪಾಯಿ ಬಂದಂತೆ. ಅಪ್ಪನ ಸಾಲ ತೀರುತ್ತದೆ, ತಮ್ಮನ ಓದು ಮುಂದುವರಿಯುತ್ತದೆ, ಮದುವೆಯ ಮಾತು ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಆ ಮನೆಯ ಪಾಲಿಗೆ ಅದು ದೊಡ್ಡ ಸಾಧನೆಯೇ.

ನಮ್ಮ ತಕರಾರು ಬೇರೆ. ಪಿಎಚ್.ಡಿ. ಸಿಕ್ಕಿತು ಎಂದು ಸುದ್ದಿ ಹೇಳುತ್ತದೆ. ಆ ಐದು ವರ್ಷದ ಅಧ್ಯಯನ ಏನನ್ನು ಕಂಡುಹಿಡಿಯಿತು ಎಂದು ಹೇಳುವುದಿಲ್ಲ. ವಿಚಾರ ಸಂಕಿರಣ ಉದ್ಘಾಟನೆಯಾಯಿತು ಎಂದು ಬರೆಯುತ್ತೇವೆ. ಎರಡನೇ ದಿನ ಮಧ್ಯಾಹ್ನ ಯಾರು ಯಾವ ಪ್ರಬಂಧ ಓದಿದರು ಎಂಬುದು ಯಾರಿಗೂ ಬೇಡ. ರಾಜ್ಯಶಾಸ್ತ್ರ ಎಂದರೆ ಅಧಿಕಾರದ ಅಧ್ಯಯನ. ಅಧಿಕಾರ ಯಾರ ಕೈಯಲ್ಲಿದೆ, ಯಾರ ಕೈತಪ್ಪಿತು, ಹೇಗೆ ತಪ್ಪಿತು ಎಂದು ಕೇಳುವುದೇ ಆ ವಿಷಯದ ಕಸುಬು. ಹಾಗಿರುವಾಗ ವಿಭಾಗದ ಸಾಧನೆಯನ್ನು ಪ್ರಮಾಣಪತ್ರಗಳ ಲೆಕ್ಕದಲ್ಲೇ ಮುಗಿಸುವುದು ಸರಿಯೇ?

ಒಂದು ವರದಿ, 3,418 ಕುಟುಂಬ

ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರನ್ನು ನೆನೆಯದೆ ಈ ಮಾತು ಪೂರ್ತಿಯಾಗುವುದಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬಂದ ಸುದ್ದಿಗಳಲ್ಲಿ ಅವರ ಹುದ್ದೆಗಳ ಪಟ್ಟಿ ಇತ್ತು: ಡೀನ್, ಪ್ರಭಾರ ಕುಲಪತಿ, ರಾಯಚೂರು ವಿಶ್ವವಿದ್ಯಾನಿಲಯದ ವಿಶೇಷಾಧಿಕಾರಿ. ಹುಣಸೂರು, ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಕೇಳಿದರೆ ಈ ಹುದ್ದೆಗಳ ಬಗ್ಗೆ ಯಾರೂ ಹೇಳಲಾರರು. 'ಅಸ್ಸಾದಿ ವರದಿ' ಎಂದರೆ ಮಾತ್ರ ಗೊತ್ತು.

ನಾಗರಹೊಳೆ ಕಾಡು ಮೊದಲು ವನ್ಯಧಾಮವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಸಂರಕ್ಷಿತ ಪ್ರದೇಶವಾಯಿತು. ಹೆಸರು ಬದಲಾದಂತೆಲ್ಲ ಜೇನು ಕುರುಬರು, ಬೆಟ್ಟ ಕುರುಬರು, ಯರವರು, ಸೋಲಿಗರು ಕಾಡಿನ ಅಂಚಿಗೆ ಬಂದರು, ಅಂಚಿನಿಂದ ಕಾಫಿ ತೋಟದ ಲೈನ್‌ಮನೆಗಳಿಗೆ ಹೋದರು. ಅವರನ್ನು ಹೊರಗೆ ಕಳಿಸಿದ್ದಕ್ಕೆ ಸರಿಯಾದ ದಾಖಲೆ ಇರಲಿಲ್ಲ. ದಾಖಲೆ ಇಲ್ಲ ಎಂದರೆ ಸರ್ಕಾರದ ಕಣ್ಣಿನಲ್ಲಿ ಹೊರಹಾಕಿದ್ದೂ ಇಲ್ಲ, ಪರಿಹಾರ ಕೊಡಬೇಕಾದ್ದೂ ಇಲ್ಲ. ಪ್ರಕರಣ ಹೈಕೋರ್ಟಿಗೆ ಹೋಯಿತು. ಅಲ್ಲಿನ ನಿರ್ದೇಶನದಂತೆ ರಚನೆಯಾದ ಸಮಿತಿಗೆ ಅಸ್ಸಾದಿ ಅಧ್ಯಕ್ಷರಾದರು. 2014ರಲ್ಲಿ ಬಂದ ವರದಿ ಒಂದು ಸಂಖ್ಯೆಯನ್ನು ಮುಂದಿಟ್ಟಿತು: 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು.

ಆ ಸಂಖ್ಯೆಯ ಬೆಲೆ ಹೋರಾಟ ಕಂಡವರಿಗೆ ಗೊತ್ತು. ಅಲ್ಲಿಯವರೆಗೆ 'ತುಂಬಾ ಜನ ಕಾಡು ಬಿಟ್ಟರು' ಎನ್ನುವುದು ಮಾತಾಗಿತ್ತು. ಆಮೇಲೆ ಅದು ಸರ್ಕಾರದ ಮೇಜಿನ ಮೇಲಿನ ಕಾಗದವಾಯಿತು. ವರದಿ ಜಾರಿಯಾಗಿ ಎಲ್ಲರಿಗೂ ಭೂಮಿ ಸಿಕ್ಕಿತು ಎಂದು ಹೇಳುವ ಭಾಗ್ಯ ನಮಗಿಲ್ಲ. ವರದಿ ಬಂದು ಹತ್ತು ವರ್ಷ ದಾಟಿದರೂ ಅದನ್ನು ಜಾರಿ ಮಾಡಿ ಎಂದು ಕೇಳುವುದು ತಪ್ಪಿಲ್ಲ. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ತಾವೇ ಮರಳಿ ಹೋಗಿ ಗುಡಿಸಲು ಹಾಕಿದ್ದನ್ನು ನಾವೆಲ್ಲ ನೋಡಿದೆವು. ಆದರೂ ಕೈಯಲ್ಲಿ ವರದಿ ಇಟ್ಟುಕೊಂಡು ಕೇಳುವುದಕ್ಕೂ ಬರಿಗೈಲಿ ಕೇಳುವುದಕ್ಕೂ ವ್ಯತ್ಯಾಸ ಇದೆ.

ಸಂಶೋಧನೆಯೂ ಸಾಕ್ಷಿಯೇ

ಬಹಳ ವಿಭಾಗಗಳ ಗಮನಕ್ಕೆ ಬಾರದ ಒಂದು ಸಂಗತಿ ಇಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಗೆ ರೂಪಿಸಿದ ನಿಯಮಗಳಲ್ಲಿ 13ನೇ ನಿಯಮ ಯಾವ ಯಾವುದನ್ನು ಸಾಕ್ಷ್ಯವಾಗಿ ಪರಿಗಣಿಸಬೇಕು ಎಂದು ಹೇಳುತ್ತದೆ. ಸರ್ಕಾರಿ ದಾಖಲೆ, ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡ್ ಅದರಲ್ಲಿವೆ. ಹಳೆಯ ಮನೆಯ ತಳಪಾಯ, ಬಾವಿ, ಸ್ಮಶಾನ, ದೇವರ ಜಾಗಗಳಿವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಇವುಗಳ ಜೊತೆಗೇ ಹೆಸರಾಂತ ಸಂಸ್ಥೆಗಳು ನಡೆಸಿದ ಸಂಶೋಧನಾ ಅಧ್ಯಯನಗಳಿಗೂ ಜಾಗ ಇದೆ.

ಇದರ ಅರ್ಥ ಏನು? ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಒಂದು ಹಾಡಿಯಲ್ಲಿ ಕೂತು, ಅಜ್ಜಿಯ ಬಾಯಿಂದ ಹಳೆಯ ಹಾಡಿಯ ಹೆಸರು, ಅಲ್ಲಿದ್ದ ಮರ, ಹೂಳಿದ ಜಾಗ ಎಲ್ಲವನ್ನೂ ಸರಿಯಾಗಿ ಬರೆದುಕೊಂಡರೆ ಆ ಬರಹ ನಾಳೆ ಗ್ರಾಮಸಭೆಯಲ್ಲಿ ಆ ಅಜ್ಜಿಯ ಮೊಮ್ಮಗನಿಗೆ ಆಧಾರವಾಗಬಹುದು. ಅದೇ ಬರಹ ಗ್ರಂಥಾಲಯದ ಕಪಾಟಿನಲ್ಲಿ ಕೂತರೆ ಧೂಳು ತಿನ್ನುತ್ತದೆ, ಅಷ್ಟೆ. ಕಪಾಟಿಗೂ ಗ್ರಾಮಸಭೆಗೂ ನಡುವೆ ಇರುವ ದಾರಿಯನ್ನು ತೆರೆಯುವ ಕೆಲಸ ಯಾರದು?

ಕೇಳಬೇಕಾದ ಪ್ರಶ್ನೆಗೆ ಬರ ಇಲ್ಲ

ಆದಿವಾಸಿಗಳ ವಿಷಯ ಬಿಡಿ, ಎಲ್ಲ ಹಳ್ಳಿಗೂ ತಟ್ಟುವ ಇನ್ನೊಂದನ್ನು ನೋಡಿ. 73ನೇ ತಿದ್ದುಪಡಿಗೂ ಮೊದಲೇ, 1983ರಲ್ಲಿ ಪಂಚಾಯತ್ ಕಾಯ್ದೆ ತಂದು 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಹೇಳಿ ಇವತ್ತಿಗೂ ಹೆಮ್ಮೆಪಡುತ್ತೇವೆ. ಇಂಥ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂದು ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ಕೈಯಲ್ಲಿ ಪಂಚಾಯಿತಿಗಳು ನಡೆದವು.

ಇದರಿಂದ ಹಳ್ಳಿಗೆ ಆದದ್ದೇನು? ಸದಸ್ಯರಿಲ್ಲದ ಕಾಲದಲ್ಲಿ ಕುಡಿಯುವ ನೀರಿನ ಕೆಲಸ ಯಾವ ಊರಿಗೆ ಹೋಯಿತು, ಯಾರ ಶಿಫಾರಸಿನ ಮೇಲೆ ಹೋಯಿತು? ಶಾಸಕರ ಕೈ ಎಷ್ಟು ಉದ್ದವಾಯಿತು? ಮೀಸಲಾತಿಯಿಂದ ಗೆದ್ದು ಬಂದಿದ್ದ ಹೆಣ್ಣುಮಕ್ಕಳು ಈಗ ರಾಜಕಾರಣದಲ್ಲಿ ಇದ್ದಾರೋ, ಮನೆಗೆ ಮರಳಿದರೋ? ಇವು ರಾಜ್ಯಶಾಸ್ತ್ರದ ಪ್ರಶ್ನೆಗಳು. ದೆಹಲಿಗೆ ಹೋಗಬೇಕಿಲ್ಲ, ದೊಡ್ಡ ಅನುದಾನ ಬೇಕಿಲ್ಲ. ಒಂದು ಸ್ನಾತಕೋತ್ತರ ತರಗತಿಯ ಮೂವತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕಿಗೆ ಹೋಗಿ ಕೇಳಿಕೊಂಡು ಬಂದರೆ ಮೂವತ್ತು ತಾಲ್ಲೂಕಿನ ಚಿತ್ರ ಸಿಗುತ್ತದೆ. ಚುನಾವಣಾ ಅಧ್ಯಯನಕ್ಕೆಂದು ಲೋಕನೀತಿಯಂಥ ಸಂಸ್ಥೆಗಳು ಪ್ರಶ್ನಾವಳಿ ಕೊಟ್ಟು ಕಳಿಸಿದಾಗ ನಮ್ಮ ವಿದ್ಯಾರ್ಥಿಗಳೇ ಮನೆ ಮನೆ ಸುತ್ತುತ್ತಾರೆ. ಆ ಕೌಶಲ ಅವರಲ್ಲಿದೆ. ಅದನ್ನು ತಮ್ಮ ಊರಿನ ಪ್ರಶ್ನೆಗೆ ಬಳಸುವುದು ಕಡಿಮೆ.

ಅಧ್ಯಾಪಕರ ಕಷ್ಟವೂ ಇದೆ

'ಹೇಳುವುದು ಸುಲಭ, ನೀವು ಬಂದು ಒಂದು ವರ್ಷ ವಿಭಾಗ ನಡೆಸಿ ನೋಡಿ' ಎಂದು ಮೇಷ್ಟ್ರುಗಳು ಕೇಳಬಹುದು. ನ್ಯಾಯವೇ. ಕಾಯಂ ಹುದ್ದೆ ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರ ಮೇಲೆ ತರಗತಿಗಳು ನಡೆಯುತ್ತಿವೆ. ಮುಂದಿನ ಸೆಮಿಸ್ಟರಿಗೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ 'ಹಾಡಿಗೆ ಹೋಗಿ ಆರು ತಿಂಗಳು ಅಧ್ಯಯನ ಮಾಡಿ' ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬಡ್ತಿಯ ನಿಯಮವೂ ಹಾಗೇ ಇದೆ. ಯುಜಿಸಿ ಲೆಕ್ಕದಲ್ಲಿ ನಿಯತಕಾಲಿಕದ ಲೇಖನಕ್ಕೆ ಅಂಕ ಇದೆ. ಗ್ರಾಮಸಭೆಯಲ್ಲಿ ಕೂತು ಜನರಿಗೆ ತಿಳಿಯುವಂತೆ ವರದಿ ಓದಿದ್ದಕ್ಕೆ ಅಂಕ ಇಲ್ಲ.

ಆದರೆ ಸಮಿತಿಯ ಅಧ್ಯಕ್ಷತೆಯೋ ಹೈಕೋರ್ಟಿನ ನಿರ್ದೇಶನವೋ ಇದ್ದರೆ ಮಾತ್ರ ಇಂಥ ಕೆಲಸ ಸಾಧ್ಯ ಎಂದುಕೊಳ್ಳಬೇಕಿಲ್ಲ. ಅಸ್ಸಾದಿ ಅವರೇ ಸಮಿತಿಗೆ ಬರುವ ಎಷ್ಟೋ ಮೊದಲು ಕರ್ನಾಟಕದ ರೈತ ಚಳವಳಿಯನ್ನು ಅಧ್ಯಯನ ಮಾಡಿ ಪುಸ್ತಕ ಬರೆದವರು. 1980ರ ನರಗುಂದ, ನವಲಗುಂದ ಬಂಡಾಯದ ನಂತರ ಬೆಳೆದ ಚಳವಳಿಯನ್ನು ಹಿಂಬಾಲಿಸಿದ ವಿದ್ವಾಂಸರಿಗೆ ಹಾಡಿಯ ದಾರಿ ಹೊಸದೇನಲ್ಲ. ಬೀದಿಯಲ್ಲಿ ನಡೆಯುವುದನ್ನು ಪಾಠದೊಳಕ್ಕೆ ತರುವ ಅಭ್ಯಾಸ ಮೊದಲೇ ಇದ್ದುದರಿಂದ ಸಮಿತಿಯ ಕೆಲಸಕ್ಕೆ ಅವರು ಒದಗಿದರು.

ನಮ್ಮ ಕೋರಿಕೆ ಮೂರೇ

ಒಂದು: ಪಿಎಚ್.ಡಿ. ಸಿಕ್ಕಿತೆಂಬ ಪ್ರಕಟಣೆಯ ಜೊತೆಗೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಕೊಡಿ. ಯಾವ ಊರಿನಲ್ಲಿ ಅಧ್ಯಯನ ಮಾಡಿದಿರಿ, ಏನು ಕೇಳಿದಿರಿ, ಏನು ಗೊತ್ತಾಯಿತು. ಪೂರ್ತಿ ಪ್ರಬಂಧ ಶೋಧಗಂಗಾ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಸಿಗಬಹುದು; ಮಾಹಿತಿ ಕೊಟ್ಟ ಜನ ಅಲ್ಲಿಗೆ ಹೋಗಿ ಓದುವುದಿಲ್ಲ.

ಎರಡು: ಯಾವ ಊರಿನಿಂದ ಮಾಹಿತಿ ತಂದಿರೋ ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತೇವೆ. ಊರಿನ ಅರಿವು ಊರಿನ ಕೇಂದ್ರದಲ್ಲಿ ಇರಲಿ.

ಮೂರು: ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ವಿಷಯ ಕೊಡುವಾಗ ಅವರ ತಾಲ್ಲೂಕಿನ ಪ್ರಶ್ನೆಯೊಂದನ್ನು ಕೊಡಿ. ಹಾಬ್ಸ್, ಲಾಕ್ ಓದಲಿ, ಅಂಬೇಡ್ಕರ್ ಓದಲಿ. ಜೊತೆಗೆ ತಮ್ಮ ಪಂಚಾಯಿತಿಯ ನಡಾವಳಿ ಪುಸ್ತಕವನ್ನೂ ಓದಲಿ.

ವರದಿ ಬರೆಯುವ ನಮ್ಮಂಥವರಿಗೂ ಪಾಲಿದೆ. ವಿಭಾಗದಿಂದ ಪ್ರಕಟಣೆ ಬಂದಾಗ 'ಸರ್, ಇದರಲ್ಲಿ ನೀವು ಕಂಡುಕೊಂಡದ್ದೇನು?' ಎಂದು ಒಂದು ಫೋನ್ ಮಾಡುವುದಕ್ಕೆ ಐದು ನಿಮಿಷ ಸಾಕು. ಆ ಉತ್ತರದಿಂದ ಸಿಂಗಲ್ ಕಾಲಂ ಸುದ್ದಿ ಮುಖಪುಟದ ಸುದ್ದಿಯಾಗಬಹುದು. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದವರಲ್ಲಿ ರಾಜ್ಯಶಾಸ್ತ್ರವನ್ನೂ ಒಂದು ವಿಷಯವಾಗಿ ಓದಿದವರು ಬಹಳ ಮಂದಿ. ವಿಭಾಗದ ಭಾಷೆಯೂ ಗೊತ್ತು, ಊರಿನ ಭಾಷೆಯೂ ಗೊತ್ತು. ನಡುವೆ ನಿಂತು ಮಾತು ದಾಟಿಸುವ ಕೆಲಸಕ್ಕೆ ನಮಗಿಂತ ಹತ್ತಿರದವರು ಯಾರಿದ್ದಾರೆ?

ನೆಟ್ ಪಾಸಾದವರಿಗೆ, ಪಿಎಚ್.ಡಿ. ಪಡೆದವರಿಗೆ ಅಭಿನಂದನೆ ಹೇಳೋಣ, ಹಾರವನ್ನೂ ಹಾಕೋಣ. ಆಮೇಲೆ ಅವರ ಅಧ್ಯಯನದಲ್ಲಿ ಏನಿದೆ ಎಂದೂ ಕೇಳೋಣ. ನಾಗರಹೊಳೆಯ ಅಂಚಿನಲ್ಲಿ ಒಂದು ಸಂಖ್ಯೆ ಹಿಡಿದು ಜನ ಇನ್ನೂ ಕಾಯುತ್ತಿದ್ದಾರೆ. ಇನ್ನೆಷ್ಟು ಊರುಗಳಿಗೆ ಅಂಥ ಒಂದು ಸಂಖ್ಯೆಯೂ ಇಲ್ಲ ಎನ್ನುವುದನ್ನು ವಿಭಾಗಗಳು ಲೆಕ್ಕ ಹಾಕಲಿ.