ಧೋಲ್ಪುರ ಹೌಸ್‌ನಲ್ಲಿ ಕನ್ನಡಕ್ಕೂ ಜಾಗವಿದೆ

ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ 275 ಅಂಕ ದೆಹಲಿಯ ಧೋಲ್ಪುರ ಹೌಸ್‌ನಲ್ಲಿ ನಡೆಯುವ ಸಂದರ್ಶನಕ್ಕೇ ಮೀಸಲು.

ಸಂದರ್ಶನ ಮಂಡಳಿಯ ಮುಂದೆ ಅಭ್ಯರ್ಥಿಯೇ ತುಂಬಿಕೊಟ್ಟ ಅರ್ಜಿ ಇರುತ್ತದೆ. ಹುಟ್ಟೂರು, ಓದು, ಹವ್ಯಾಸ ಎಂದು ಎಷ್ಟೋ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ. ಹವ್ಯಾಸದ ಕಲಂನಲ್ಲಿ ‘ಯಕ್ಷಗಾನ’ ಎಂದು ಬರೆದವರು ತೆಂಕುತಿಟ್ಟು, ಬಡಗುತಿಟ್ಟುಗಳ ವ್ಯತ್ಯಾಸ ಹೇಳಲು ತಡವರಿಸಿದರೆ ಉಳಿದ ಉತ್ತರಗಳ ಮೇಲೂ ಅನುಮಾನ ಬೀಳುತ್ತದೆ. ರಾಯಚೂರಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಪಾಡು ತಿಳಿದಿರಲೇಬೇಕು. ಧೈರ್ಯ ಬರುವುದು ಇಂಥ ತಿಳಿವಳಿಕೆಯಿಂದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ಲೇಸು.

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಆದರೂ ಹಿಂಜರಿಕೆ ಹೋಗಿಲ್ಲ! ನಮ್ಮ ತರಬೇತಿ ಕೇಂದ್ರಗಳು ಕನ್ನಡದಲ್ಲೂ ಅಣಕು ಸಂದರ್ಶನ ನಡೆಸಲಿ. ಉತ್ತರವನ್ನು ಮಂಡಳಿಗೆ ಅನುವಾದಿಸುವ ದುಭಾಷಿಗೆ ಎಡೆಕೊಟ್ಟು, ಚಿಕ್ಕ ವಾಕ್ಯಗಳಲ್ಲಿ ಮಾತಾಡುವುದನ್ನೂ ಅಲ್ಲೇ ರೂಢಿ ಮಾಡಿಸಲಿ.